ಬಾಯಲ್ಲಿ ಲವಂಗ ಇಟ್ಟುಕೊಂಡು ಆಡಿದ ಆಟ

ಮೊದಲ ನಡೆಗೆ ಅಷ್ಟು ಹೊತ್ತು ತೆಗೆದುಕೊಳ್ಳುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಚದುರಂಗದ ಹಲಗೆಯ ಮುಂದೆ ಚಪ್ಪಲಿ ಬಿಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು, ಕನ್ನಡಕ ಒರೆಸಿ, ಮತ್ತೆ ಒರೆಸಿ, ತಮ್ಮ ಕಾಯಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಎದುರಿನವನ ಕಾಯಿಗಳು ವಾರೆಯಾಗಿದ್ದರೆ ಅವನ್ನೂ ಸರಿಪಡಿಸಿ, ಆಮೇಲೆ ಗಲ್ಲಕ್ಕೆ ಕೈ ಹಚ್ಚಿ ಯೋಚನೆಗೆ ತೊಡಗುತ್ತಿದ್ದರು. ಗಡಿಯಾರ ಓಡುತ್ತಿರುತ್ತಿತ್ತು. ಅಕ್ಕಪಕ್ಕದ ಹಲಗೆಗಳಲ್ಲಿ ಕುದುರೆ, ಒಂಟೆ ಹೊರಗೆ ಬಂದು ಹೊಡೆದಾಟ ಶುರುವಾಗಿರುತ್ತಿತ್ತು. ಕೊನೆಗೆ ಇವರು ಕೈ ಚಾಚಿ ಎಡಗಡೆಯ ಆನೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಮುಂದಕ್ಕೆ ಇಡುತ್ತಿದ್ದರು. ಪ್ರತಿ ಸಲ ಅದೇ ಪ್ಯಾದೆ, ಅದೇ ಒಂದು ಮನೆ. ಇಷ್ಟಕ್ಕೆ ಅಷ್ಟು ಯೋಚನೆ ಯಾಕೆ ಎಂದು ಕೇಳಿದರೆ, "ಬ್ಯಾರೇದೇನರ ನಡಸಬೇಕೇನು ಅಂತ ಪ್ರತಿ ಸಲ ವಿಚಾರ ಮಾಡ್ತೇನಿ ತಮ್ಮಾ. ಬ್ಯಾಡ ಅನಸ್ತೈತಿ" ಎನ್ನುತ್ತಿದ್ದರು.

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರದ ಮುಖ್ಯಸ್ಥರಾಗಿದ್ದರು. ನಾನು ಅಲ್ಲಿಯೇ ಇತಿಹಾಸ ಕಲಿಸುತ್ತೇನೆ. ನಿವೃತ್ತಿಯ ನಂತರವೂ ಮಧ್ಯಾಹ್ನವಾದರೆ ಸ್ಟಾಫ್ ರೂಮಿಗೆ ಬಂದು ಕೂರುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಕಾಲೇಜಿನ ತುಂಬ ಸರ್‌ಗಳೇ ಇದ್ದರೂ ಬರಿಯ 'ಸರ್' ಎಂದರೆ ಅವರೊಬ್ಬರೇ ಆಗಿದ್ದರು. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಣ್ಣಾರೆ ಕಂಡವರ ಹೇಳಿಕೆಯನ್ನು ಎಲ್ಲಕ್ಕಿಂತ ಮೊದಲು ಅನುಮಾನಿಸಿ ಎಂದು ವರ್ಷವೂ ಮಕ್ಕಳಿಗೆ ಪಾಠ ಮಾಡುವವನು ನಾನು. ಈ ಬರಹದಲ್ಲಿ ಕಣ್ಣಾರೆ ಕಂಡವನು ನಾನೇ. ಒಂದು ಆಟದ ಬಗ್ಗೆ ಬಹಳ ವರ್ಷ ಬಹಳ ಜನರಿಗೆ ಬಹಳ ಖಾತ್ರಿಯಿಂದ ಒಂದು ಕಥೆ ಹೇಳಿಕೊಂಡು ಬಂದೆ. ಅದರಲ್ಲಿ ಎಷ್ಟು ಕಂಡದ್ದು, ಎಷ್ಟು ಹೇಳುತ್ತ ಹೇಳುತ್ತ ಬೆಳೆದದ್ದು ಎಂದು ಈಗ ನನಗೆ ಗೊತ್ತಾಗುತ್ತಿಲ್ಲ. ಸತ್ತ ಮೇಲೂ ತಲೆ ತಿನ್ನುವ ಮನುಷ್ಯ ಎಂದರೆ ಇವರೇ.

ಪ್ರಯೋಗಾಲಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮನುಷ್ಯ ಇರಲಿಲ್ಲ. ದ್ರವ ಅಳೆಯುವ ಬ್ಯುರೆಟ್ಟಿನ ಗೀಟನ್ನು ಮೇಲಿನಿಂದ ಬಗ್ಗಿ ಓದಿದ ಹುಡುಗನ ಪ್ರಯೋಗವನ್ನೆಲ್ಲ ಮೋರಿಗೆ ಸುರಿಸಿ ಮೊದಲಿನಿಂದ ಮಾಡಿಸುತ್ತಿದ್ದರು. "ಕಣ್ಣು ಗೀಟಿಗೆ ಸಮಾ ತಾರಲೇ. ನಿನ್ನ ಸಲವಾಗಿ ನೀರು ಮ್ಯಾಲ ಕೆಳಗ ಆಗೂದಿಲ್ಲ" ಎನ್ನುವ ಅವರ ಗದರಿಕೆ ನನ್ನ ತರಗತಿಯವರೆಗೂ ಕೇಳುತ್ತಿತ್ತು. ಅದೇ ಮನುಷ್ಯ ಚದುರಂಗಕ್ಕೆ ಕೂತರೆ ಜಗತ್ತಿನ ನಿಯಮಗಳೆಲ್ಲ ಒಂದು ಕಡೆ, ಬದಾಮಿಯ ಅವರ ಸೋದರತ್ತೆ ಇನ್ನೊಂದು ಕಡೆ. ಅತ್ತೆಯೇ ಗೆಲ್ಲುತ್ತಿದ್ದರು.

ಆ ಅತ್ತೆಯನ್ನು ನಾನು ನೋಡಿಲ್ಲ. ಸರ್ ಹೇಳಿದ್ದನ್ನಷ್ಟೇ ಬಲ್ಲೆ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬದಾಮಿಯ ಹೊಂಡದ ಹತ್ತಿರದ ಮನೆಯ ಕಟ್ಟೆಯ ಮೇಲೆ ಕೂತು ಓಣಿಯ ಹುಡುಗರಿಗೆಲ್ಲ ಬುದ್ಧಿಬಲ ಕಲಿಸಿದರಂತೆ. ನಮ್ಮ ಕಡೆ ಹಳಬರು ಚದುರಂಗಕ್ಕೆ ಹೇಳುವ ಹೆಸರು ಅದು. ಅವರ ಹಲಗೆ ಹಲಗೆಯೇ ಅಲ್ಲ. ಗುಳೇದಗುಡ್ಡದ ಕುಪ್ಪಸದ ಖಣದ ಮೇಲೆ ಗೆರೆ ಹೊಲಿದು ಮಾಡಿದ ಬಟ್ಟೆ. ಕರಿ ಮನೆ, ಬಿಳಿ ಮನೆ ಎಂಬ ಭೇದವಿಲ್ಲ, ಎಲ್ಲವೂ ಒಂದೇ ಬಣ್ಣ. ಅವರ ಆಟದಲ್ಲಿ ಮೊದಲ ನಡೆಗೆ ಒಂದಲ್ಲ, ಎರಡು ಪ್ಯಾದೆಗಳನ್ನು ಒಂದೊಂದು ಮನೆ ನಡೆಸಬೇಕು. ರಾಜ ಇಡೀ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಜಿಗಿಯಬಹುದು. ಇನ್ನು ಎದುರಿನವರ ಮಂತ್ರಿಯ ಮೇಲೆ ಏರಿಹೋಗುವಾಗ, ಕಾಯಿಯನ್ನು ಮನೆಗೆ ಇಡುವ ಹೊತ್ತಿಗೇ 'ಮಂತ್ರಿ' ಎಂದು ಬಾಯಿ ಬಿಟ್ಟು ಹೇಳಬೇಕು. "ಕಳ್ಳರಂಗ ಹೊಡಿಬ್ಯಾಡ್ರಿ. ಇಡೂ ಮುಂದ ಹೇಳ್ರಿ, ಇಟ್ಟ ಮ್ಯಾಲೆ ಅಲ್ಲ" ಎಂದು ಆಕೆ ಹೇಳುತ್ತಿದ್ದರಂತೆ. ಹೇಳದೆ ಹೊಡೆದವನ ಆಟ ಅಲ್ಲಿಗೇ ಮುಗಿಯಿತು. ಬಟ್ಟೆ ಮಡಚಿ ಒಳಗೆ ಹೋಗುತ್ತಿದ್ದರಂತೆ.

ಹಳ್ಳಿಯ ಆಟ ಹಳ್ಳಿಯಲ್ಲಿ ಚೆನ್ನ. ಇವರು ಅದನ್ನು ಟೂರ್ನಮೆಂಟಿಗೆ ಹೊತ್ತುಕೊಂಡು ಬರುತ್ತಿದ್ದರು. ಬದಾಮಿಯಲ್ಲಿಯೇ ಒಂದು ಟೂರ್ನಮೆಂಟಿನಲ್ಲಿ ಸೋಲುವ ಹಂತಕ್ಕೆ ಬಂದಾಗ ರಾಜನನ್ನು ಎತ್ತಿ ಕುದುರೆಯಂತೆ ಜಿಗಿಸಿಬಿಟ್ಟರು. ತೀರ್ಪುಗಾರ ಓಡಿಬಂದ.

"ಇದೆಲ್ಲೈತ್ರಿ ನಿಯಮ?"

"ಬದಾಮ್ಯಾಗ ಐತಿ."

"ಇದೂ ಬದಾಮಿನ ಅಲ್ಲೇನ್ರಿ?"

"ಹೌದಲ್ಲ, ಮತ್ತ? ಬದಾಮ್ಯಾಗ ಬದಾಮಿ ನಿಯಮ ನಡಿಯೂದಿಲ್ಲಂದ್ರ ನಾವು ಬಾಗಲಕೋಟಿಂದ ಇಲ್ಲೀತನಕ ಯಾಕ ಬರಬೇಕಿತ್ತು?"

ತೀರ್ಪುಗಾರ ರಾಜನನ್ನು ಎತ್ತಿ ಹಳೆಯ ಮನೆಗೇ ಇಟ್ಟು ಹೋದ.

ಪ್ಯಾದೆಯ ವಿಷಯದಲ್ಲಿ ಅಷ್ಟಿಷ್ಟು ರಾಜಿಯಾಗಿದ್ದರು. ಮೊದಲ ಪ್ಯಾದೆ ಇಟ್ಟ ಕೂಡಲೇ ಅವರ ಬಲಗೈ ತಾನಾಗಿಯೇ ಇನ್ನೊಂದು ತುದಿಯ ಆನೆಯ ಮುಂದಿನ ಪ್ಯಾದೆಯ ಕಡೆಗೆ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ನೆನಪಾಗಿ, ಕೈ ಹಿಂದಕ್ಕೆ ತಂದು, ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಡುತ್ತಿದ್ದರು. ಎದುರಿನವನು ನಡೆಸುವವರೆಗೂ ಆ ಕೈ ಅಲ್ಲಿಯೇ. ತಮ್ಮ ಸರದಿ ಬಂದ ಕೂಡಲೇ ಅದನ್ನು ಹೊರತೆಗೆದು ಆ ಎರಡನೇ ಪ್ಯಾದೆಯನ್ನೇ ನಡೆಸುತ್ತಿದ್ದರು. ಹೀಗೆ ಆರಂಭದ ಎರಡು ನಡೆ ಹಲಗೆಯ ಎರಡು ಅಂಚಿನಲ್ಲಿ ಹಾಳು. ಆಟದ ಆರಂಭವೆಂದರೆ ನಡುವಿನ ಮನೆಗಳನ್ನು ಹಿಡಿಯುವುದು ಎಂದು ನಾನು ಓದಿದ ಪುಸ್ತಕಗಳೆಲ್ಲ ಹೇಳುತ್ತವೆ. ಅದನ್ನು ಹೇಳಿದಾಗಲೆಲ್ಲ ಸರ್ ಒಂದೇ ಉತ್ತರ ಕೊಡುತ್ತಿದ್ದರು. "ಮೊದಲ ಬಾಗಲಾ ತಗೀಬೇಕು ತಮ್ಮಾ. ಆಮ್ಯಾಲೆ ಆನಿ ಹೊರಗ ಬರ್ತಾವ."

"ಆನಿ ಬರೂದ್ರಾಗ ಮನಿನ ಬಿದ್ದಿರತೈತ್ರಿ ಸರ್."

"ಬೀಳ್ಲಿ. ಬಾಗಲಾ ತಗದಿದ್ವಿ ಅಂತರ ಆಗ್ತೈತಲ್ಲ."

ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ಪಾಠ ಹೇಳಬಹುದು.

ಆದರೂ ಮಧ್ಯಾಹ್ನ ತರಗತಿ ಮುಗಿದ ಮೇಲೆ ದಿನವೂ ಅವರ ಜೊತೆ ಆಡುತ್ತಿದ್ದೆ. ಒಮ್ಮೆ ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಅವರು ಗಲ್ಲಕ್ಕೆ ಕೈ ಹಚ್ಚಿ ಕೂತೇ ಇದ್ದರು. ಬೇಗ ಮುಗಿದರೆ ಸಾಕೆಂದು ನಾನು ಕಂಡೂ ಕಾಣದವನಂತೆ ನನ್ನ ಒಂಟೆಯನ್ನು ಅವರ ಬಾಯಿಗೆ ಇಟ್ಟೆ. ಅವರು ಅದನ್ನು ಹೊಡೆದರು, ಗೆದ್ದರು. ಮರುದಿನ ನಾನು ಬರುವ ಹೊತ್ತಿಗೆ ಹಲಗೆಯ ಮೇಲೆ ಹಿಂದಿನ ದಿನದ ಕಾಯಿಗಳೆಲ್ಲ ಆ ನಡೆಗಿಂತ ಮುಂಚೆ ಇದ್ದ ಹಾಗೆಯೇ ನಿಂತಿದ್ದವು.

"ಕುಂದ್ರು. ಇಲ್ಲಿಂದ ಹೊಳ್ಳಿ ಆಡು. ಖರೆ ಆಡು."

"ನಿನ್ನೆ ನೀವ ಗೆದ್ರೆಲ್ಲ ಸರ್."

"ನಿನ್ನೆ ನಾ ಎಲ್ಲಿ ಗೆದ್ನಿ? ನಿನ್ನ ಬಸ್ಸು ಗೆದ್ತು."

ಖರೆ ಆಡಿದೆ. ಅವರು ಸೋತರು. ಸೋತು, ಮುಖ ಅರಳಿಸಿಕೊಂಡು, ಚಹಾ ತರಿಸಿದರು. ಇದನ್ನು ಓದಿ ಎಷ್ಟು ದೊಡ್ಡ ಮನಸ್ಸು ಎಂದು ಯಾರಾದರೂ ಮೆಚ್ಚುವುದಾದರೆ, ಆ ದಿನವೂ ನನ್ನ ಬಸ್ಸು ತಪ್ಪಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಹುನಗುಂದದ ಡಾಕ್ಟರ್ ಬಗ್ಗೆ ಹೇಳಬೇಕು. ಅವರೂ ಬದಾಮಿಯ ಅದೇ ಓಣಿಯವರು, ಅದೇ ಕಟ್ಟೆಯ ಮೇಲೆ ಅದೇ ಅತ್ತೆಯ ಹತ್ತಿರ ಕಲಿತವರು. ಆದರೆ ಊರು ಬಿಟ್ಟ ಮೇಲೆ ಹಳೆಯ ಆಟವನ್ನು ಪೂರಾ ಬಿಟ್ಟು, ಪುಸ್ತಕ ತರಿಸಿ, ಕಂಪ್ಯೂಟರಿನ ಜೊತೆ ಆಡಿ, ಕರಾರುವಾಕ್ಕಾಗಿ ಆಡುವ ಆಟಗಾರರಾದರು. ಇಳಕಲ್ಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೂರ್ನಮೆಂಟಿನಲ್ಲಿ ಯಾವುದಾದರೊಂದು ಸುತ್ತಿನಲ್ಲಿ ಇವರಿಬ್ಬರೂ ಎದುರಾಗುತ್ತಿದ್ದರು. ಪ್ರತಿ ವರ್ಷ ಡಾಕ್ಟರೇ ಗೆಲ್ಲುತ್ತಿದ್ದರು. ಗೆದ್ದು ಕೈ ಕುಲುಕುವಾಗ, "ಲೇ, ಅತ್ತಿನ್ನ ಕೇಳ್ಕೊಂಡು ಮುಂದಿನ ವರ್ಷ ಬಾ" ಎನ್ನುತ್ತಿದ್ದರು. ಅತ್ತೆ ತೀರಿಕೊಂಡು ಯಾವ ಕಾಲವಾಗಿತ್ತೋ. ಸರ್ ನಗುತ್ತಿದ್ದರು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿರುತ್ತಿದ್ದರು.

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದದ್ದು ಆಮೇಲೆ. ದೃಷ್ಟಿ ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಸ್ಟಾಫ್ ರೂಮಿನ ಹಲಗೆಯಲ್ಲಿ ಕರಿ ಕುದುರೆ ಕರಿ ಮನೆಯಲ್ಲಿ ನಿಂತರೆ ಅವರು ಬೆರಳಿನಿಂದ ತಡವಿ ನೋಡತೊಡಗಿದರು. ಒಂದು ದಿನ ತಡವುತ್ತ ತಡವುತ್ತಲೇ ಹೇಳಿದರು: "ಈ ವರ್ಷ ಒಮ್ಮೆ ಅವನ್ನ ಕೆಡವಬೇಕು ತಮ್ಮಾ. ಆಮ್ಯಾಲೆ ಬೋರ್ಡ್ ಮಡಚತೇನಿ. ಮುಂದಿನ ವರ್ಷ ಕಾಯಿ ಕಾಣ್ತಾವೋ ಇಲ್ಲೋ."

ಅಲ್ಲಿಯವರೆಗೆ ಅವರು ಗೆಲುವು ಸೋಲಿನ ಬಗ್ಗೆ ಹೀಗೆ ಮಾತಾಡಿದ್ದನ್ನು ಕೇಳಿರಲಿಲ್ಲ. ನಾನು ಟೊಂಕ ಕಟ್ಟಿ ನಿಂತೆ. ರಾಜನ ಮುಂದಿನ ಪ್ಯಾದೆ ಎರಡು ಮನೆ, ನಂತರ ಕುದುರೆ, ನಂತರ ಒಂಟೆ ಎಂದು ಒಂದು ಸರಳ ಆರಂಭವನ್ನು ತಿಂಗಳುಗಟ್ಟಲೆ ತಿದ್ದಿಸಿದೆ. ಸ್ಟಾಫ್ ರೂಮಿನಲ್ಲಿ ಅದನ್ನು ನೀರು ಕುಡಿದಂತೆ ಆಡುತ್ತಿದ್ದರು. ಇನ್ನು ಉಳಿದದ್ದು ಬಾಯಿ. ಮಂತ್ರಿಯ ಮೇಲೆ ಏರಿಹೋದಾಗ 'ಮಂತ್ರಿ' ಎಂದು ಕೂಗುವ ಚಟ ಬಿಡಿಸಬೇಕಿತ್ತು. ಅದಕ್ಕೆ ಲವಂಗದ ಉಪಾಯ ಹೊಳೆಯಿತು. ಆಟ ಮುಗಿಯುವ ತನಕ ನಾಲಿಗೆಯ ಕೆಳಗೆ ಲವಂಗ. ಬಾಯಿ ಬಿಡಬೇಕೆಂದಾಗ ಅದು ನೆನಪಿಸಬೇಕು. ಈ ಉಪಾಯ ನನ್ನದೆಂದೇ ಇಷ್ಟು ದಿನ ಹೇಳುತ್ತಿದ್ದೆ. ಅದು ತಮ್ಮದು ಎಂದು ಸರ್ ಅವರ ಮನೆಯವರು, ನಮ್ಮ ವೈನಿ, ಮೊನ್ನೆ ಹೇಳಿದರು. "ನಿಮ್ಮ ಸರ್ ಪೂಜಿ ಹೊತ್ತಿನ್ಯಾಗ ಮಾತಾಡ್ತಿದ್ರು, ಅದಕ್ಕ ನಾ ಹಚ್ಚಿದ ಔಷಧ ಅದು." ಇರಬಹುದು. ಲವಂಗ ಮಾತ್ರ ಕೆಲಸ ಮಾಡಿತು. ಟೂರ್ನಮೆಂಟಿನ ಹಿಂದಿನ ವಾರವೆಲ್ಲ ನನ್ನ ಮಂತ್ರಿಯನ್ನು ಅವರು ಸದ್ದಿಲ್ಲದೆ ಹೊಡೆದರು. ಹೊಡೆದಾಗಲೆಲ್ಲ ಕಳ್ಳತನ ಮಾಡಿದವರ ಹಾಗೆ ಬಾಗಿಲ ಕಡೆ ನೋಡುತ್ತಿದ್ದರು, ಅಷ್ಟೆ.

ಇಳಕಲ್ಲಿನ ಕಲ್ಯಾಣ ಮಂಟಪ. ಕೆಂಪು ಗ್ರಾನೈಟಿನ ನೆಲ, ಹೊರಗೆ ಕಲ್ಲಿನ ಲಾರಿಗಳ ಸದ್ದು, ತಲೆಯ ಮೇಲೆ ಕಿರುಗುಡುವ ಫ್ಯಾನು. ಫ್ಯಾನು ಕಿರುಗುಟ್ಟಿದ್ದು ಆ ವರ್ಷವೋ ಬೇರೆ ವರ್ಷವೋ, ಪ್ರಮಾಣ ಮಾಡಿ ಹೇಳಲಾರೆ. ನಾನು ಪುಸ್ತಕದ ಆರಂಭವನ್ನೇ ಆಡಿ ಬೇಗನೇ ಸೋತು, ಹಗ್ಗದ ಆಚೆ ನಿಂತು ಇವರ ಆಟ ನೋಡಲು ಬಿಡುವಾಗಿದ್ದೆ. ಕೊನೆಯ ಸುತ್ತು. ಎದುರಿಗೆ ಡಾಕ್ಟರ್. ಸರ್‌ಗೆ ಬಿಳಿ ಕಾಯಿ, ಅಂದರೆ ಮೊದಲ ನಡೆ ಇವರದು. ಬಾಯಲ್ಲಿ ಲವಂಗ ಇತ್ತು, ನಾನೇ ಕೊಟ್ಟಿದ್ದೆ.

ಕನ್ನಡಕ ಒರೆಸಿದರು. ಕಾಯಿ ನೆಟ್ಟಗೆ ಮಾಡಿದರು. ಗಲ್ಲಕ್ಕೆ ಕೈ ಹಚ್ಚಿದರು. ಡಾಕ್ಟರ್ ಆಕಳಿಸಿದರು. ಕೊನೆಗೆ ಸರ್ ಕೈ ರಾಜನ ಮುಂದಿನ ಪ್ಯಾದೆಯ ತನಕ ಬಂತು. ಕೈ ಅಲ್ಲಿ ಒಂದು ಗಳಿಗೆ ನಿಂತು, ಎಡಕ್ಕೆ ಸರಿದು, ಆನೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟು, ತೊಡೆಯ ಕೆಳಗೆ ಹೋಗಿ ಕೂತಿತು.

ತಿಂಗಳುಗಟ್ಟಲೆ ಮಧ್ಯಾಹ್ನಗಳು! ನಾನು ಹೊರಗೆ ಹೋಗಿ ಒಂದು ಚಹಾ ಕುಡಿದು ಬಂದೆ.

ವಾಪಸು ಬಂದಾಗ ನೋಡಿದರೆ ಆಟ ಕೆಟ್ಟಿರಲಿಲ್ಲ. ಬಾಗಿಲು ತೆಗೆದ ಆನೆ ನಿಜವಾಗಿಯೂ ಹೊರಗೆ ಬಂದಿತ್ತು. ಅಂಚಿನ ಪ್ಯಾದೆ ಇನ್ನೂ ಮುಂದೆ ಹೋಗಿ, ಅದರ ಹಿಂದಿನಿಂದ ಆನೆ ಮೇಲೇರಿ, ಅಡ್ಡ ಸಾಲಿನಲ್ಲಿ ಓಡಾಡುತ್ತಿತ್ತು. ಡಾಕ್ಟರ್ ಹಣೆ ಒರೆಸಿಕೊಳ್ಳುತ್ತಿದ್ದರು. ಆಗ ಸರ್ ಆ ಆನೆಯನ್ನು ಸರಿಸಿ ಡಾಕ್ಟರರ ಮಂತ್ರಿಗೆ ನೇರವಾಗಿ ನಿಲ್ಲಿಸಿದರು. ಆನೆಗೆ ಹಿಂದಿನಿಂದ ಒಂಟೆಯ ಕಾವಲು ಇದ್ದುದರಿಂದ ಮಂತ್ರಿ ಅದನ್ನು ಹೊಡೆಯುವಂತಿಲ್ಲ, ಓಡಿಹೋಗಬೇಕು. ಓಡದಿದ್ದರೆ ಮಂತ್ರಿ ಹೋಯಿತು, ಮಂತ್ರಿ ಹೋದರೆ ಆಟ ಹೋಯಿತು. ಸರ್ ಗಡಿಯಾರ ಒತ್ತಿದರು. ಡಾಕ್ಟರ್ ಕೂತರು, ಕೂತರು, ಹಲಗೆಯ ಇನ್ನೊಂದು ಮೂಲೆಯನ್ನೇ ನೋಡುತ್ತ ಕೂತರು. ಆಮೇಲೆ ಕೈ ಎತ್ತಿ, ಆ ಮೂಲೆಯ ಒಂದು ಪ್ಯಾದೆಯ ಮೇಲೆ ತಂದರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ಟೂರ್ನಮೆಂಟಿನ ನಿಯಮ. ಬೆರಳು ಪ್ಯಾದೆಗೆ ತಾಗಿದರೆ ಸಾಕಿತ್ತು. ಇನ್ನು ಒಂದು ಅಂಗುಲ.

"ಮಂತ್ರಿ" ಎಂದರು ಸರ್.

ಮೆಲ್ಲಗಲ್ಲ. ಪಕ್ಕದ ಹಲಗೆಯವರೂ ತಲೆ ಎತ್ತಿದರು. ಡಾಕ್ಟರರ ಕೈ ಗಾಳಿಯಲ್ಲೇ ನಿಂತಿತು. ತೀರ್ಪುಗಾರ ಬಂದು, ಎದುರಾಳಿಯ ಜೊತೆ ಮಾತಾಡುವಂತಿಲ್ಲ ಎಂದು ಸರ್‌ಗೆ ಎಚ್ಚರಿಕೆ ಕೊಟ್ಟು ಹೋದ. ಡಾಕ್ಟರ್ ಮಂತ್ರಿಯನ್ನು ಬೇರೆ ಮನೆಗೆ ಒಯ್ದರು. ಅಲ್ಲಿಂದ ಅದು ಸರ್ ಅವರ ರಾಜನ ಬೆನ್ನು ಹತ್ತಿತು. ಸರ್ ಸೋತರು. ಕೈ ಕುಲುಕುವಾಗ ಡಾಕ್ಟರ್ ಆ ಸಲ ಅತ್ತೆಯ ಮಾತು ತೆಗೆಯಲಿಲ್ಲ. ಗೆದ್ದವರಂತೆಯೂ ಇರಲಿಲ್ಲ, ಸಿಟ್ಟಿನಲ್ಲಿದ್ದರು. ಸೋಲುತ್ತಿದ್ದವನು ಇನ್ನೊಬ್ಬನ ಉಪಕಾರದಿಂದ ಗೆದ್ದರೆ ಆಗುವ ಸಿಟ್ಟು ಎಂದುಕೊಂಡೆ.

ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ನಾನು ಒಂದೇ ಸಮನೆ ಬಡಬಡಿಸಿದೆ. ಲವಂಗ ಎಲ್ಲಿ ಹೋಗಿತ್ತು, ನಾಲಿಗೆ ಯಾಕೆ ಸುಮ್ಮನಿರಲಿಲ್ಲ, ಸತ್ತ ಅತ್ತೆಗೆ ಹೆದರಿ ಯಾರಾದರೂ ಗೆದ್ದ ಆಟ ಬಿಡುತ್ತಾರೆಯೇ ಎಂದೆಲ್ಲ. ಸರ್ ಕೇಳುತ್ತ ಕೂತಿದ್ದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು, ಕರದಂಟು ಕೊಂಡು ತಂದು, ಸಕ್ಕರೆ ಕಾಯಿಲೆ ಎಂಬುದೊಂದು ಇದೆ ಎಂಬುದನ್ನೇ ಅರಿಯದವರಂತೆ ತಿನ್ನತೊಡಗಿದರು. ನನಗೂ ಒಂದು ತುಂಡು ಕೊಟ್ಟರು.

"ಅಂವಾ ನೋಡಿರಲಿಲ್ಲ ಅಂತೀ?" ಎಂದು ಕೇಳಿದರು.

"ನೋಡಿದ್ರ ಪ್ಯಾದಿ ಮ್ಯಾಲೆ ಯಾಕ ಕೈ ತರ್ತಿದ್ರು? ನನ್ನ ಕಣ್ಣಾರೆ ಕಂಡೇನಿ, ಕೈ ಬಂದಿತ್ತು!"

"ಹೂಂ. ಕೈ ಬಂದಿತ್ತು" ಎಂದರು. ಕರದಂಟಿನ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಮುಂದಿನ ವರ್ಷ ಅವರು ಇಳಕಲ್ಲಿಗೆ ಹೋಗಲಿಲ್ಲ. ಕಾಯಿ ಕಾಣುತ್ತಿರಲಿಲ್ಲ.

ಈ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದೆನೋ. ಸರ್ ಎದುರಿಗೇ ಹೇಳುತ್ತಿದ್ದೆ. ಅವರೂ ನಗುತ್ತಿದ್ದರು, ಒಮ್ಮೆಯೂ ತಿದ್ದಲಿಲ್ಲ. ಕಾಲೇಜಿನಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲೂ ಇದನ್ನೇ ಹೇಳಿದೆ. ಹಳೆಯ ಚಟಕ್ಕೆ ಕಟ್ಟುಬಿದ್ದು ಗೆಲುವನ್ನೇ ಬಾಯಿಂದ ಉಗುಳಿದ ಮನುಷ್ಯ ಎಂದು. ಅಳಬೇಕಾದ ಸಭೆ ಚೆನ್ನಾಗಿ ನಕ್ಕಿತು. ಮುಂದಿನ ಸಾಲಿನಲ್ಲಿ ಹುನಗುಂದದ ಡಾಕ್ಟರ್ ಕೂತಿದ್ದರು. ಅವರು ನಗಲಿಲ್ಲ.

ಸಭೆ ಮುಗಿದು ವರಾಂಡದಲ್ಲಿ ಚಹಾ ಕೊಡುವಾಗ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಚಲೋ ಹೇಳಿದ್ರಿ ಸರ. ಒಂದ ತಪ್ಪೈತಿ."

"ಏನ್ರಿ?"

"ನಾ ನೋಡಿರಲಿಲ್ಲ ಅಂದ್ರೆಲ್ಲಾ. ನಾ ನೋಡಿದ್ದೆ."

"ಮತ್ತ ಪ್ಯಾದಿ ಮ್ಯಾಲೆ ಕೈ?"

"ಹೊಡೀಲಿ ಅಂತ್ರಿ! ಅವನ ಶುಗರ್ ರಿಪೋರ್ಟ್ ನೋಡ್ತಿದ್ದಾಂವ ಯಾರು? ನಾನ. ಆ ಕಣ್ಣು ಇನ್ನ ಎಷ್ಟು ದಿನದ್ದು ಅಂತ ನನಗ ಗೊತ್ತಿತ್ತು. ಒಂದ ಸಲ 'ಗೆದ್ನಿ' ಅಂತ ಮನಿಗೆ ಹೋಗ್ಲಿ ಅಂತ ಮಂತ್ರಿ ಅಲ್ಲೇ ಬಿಟ್ಟಿದ್ದೆ. ಈ ಪುಣ್ಯಾತ್ಮ ಬಾಯಿ ತಗದ! ಹೇಳಿದ ಮ್ಯಾಲೆ ಹ್ಯಾಂಗ ಬಿಡ್ಲಿ? ಕೇಳಿಸಿಕೊಂಡೂ ಬಿಟ್ರ ಬೇಕಂತ ಕೊಟ್ಟಿದ್ದು ಅಂತ ಸಣ್ಣ ಹುಡುಗ್ರಿಗೂ ತಿಳೀತಿತ್ತು."

ನಾನು ಸುಲಭವಾಗಿ ನಂಬುವವನಲ್ಲ. ಗೆದ್ದವರು ವರ್ಷಗಳಾದ ಮೇಲೆ 'ನಾನೇ ಬಿಟ್ಟುಕೊಡುವವನಿದ್ದೆ' ಎಂದು ಹೇಳುವುದು ಹೊಸದಲ್ಲ. ಸಾಮ್ರಾಜ್ಯಗಳ ಇತಿಹಾಸದಲ್ಲೇ ಅಂಥ ಮಾತುಗಳು ಬೇಕಾದಷ್ಟಿವೆ. ಕಣ್ಣು ತಪ್ಪಿ ಮಾಡಿದ ಎಡವಟ್ಟನ್ನು ಔದಾರ್ಯವೆಂದು ಬಣ್ಣ ಹಚ್ಚುತ್ತಿರಬಹುದು. ಹಾಗೆಂದು ಮುಖಕ್ಕೇ ಹೇಳಿದೆ. ಡಾಕ್ಟರ್ ಕೆಂಪಗಾದರು.

"ಬೋರ್ಡ್ ಐತೇನ್ರಿ ಇಲ್ಲೆ? ಬರ್ರಿ, ತೋರಸ್ತೇನಿ."

ಸ್ಟಾಫ್ ರೂಮಿನಲ್ಲಿ ಸರ್ ಅವರ ಕುರ್ಚಿಯ ಪಕ್ಕದ ಕಪಾಟಿನಲ್ಲಿ ಹಲಗೆ ಇತ್ತು. ಇಬ್ಬರೂ ಎದುರುಬದುರು ಕೂತು ಆ ಹೊತ್ತಿನ ಕಾಯಿಗಳನ್ನು ಜೋಡಿಸಲು ಹೊರಟೆವು. ಅವರ ಕುದುರೆ ಇಲ್ಲಿತ್ತು ಎಂದು ನಾನು, ಆಗಲೇ ಸತ್ತಿತ್ತು ಎಂದು ಅವರು. ಒಂಟೆ ಹಿಂದಿತ್ತೋ ಪಕ್ಕದಲ್ಲಿತ್ತೋ ಎಂದು ಜಗಳ. ಕೊನೆಗೆ ಇಬ್ಬರೂ ಒಪ್ಪಿದ ಕಾಯಿಗಳು ಮೂರೇ ಉಳಿದವು: ಸರ್ ಅವರ ಆನೆ, ಡಾಕ್ಟರರ ಮಂತ್ರಿ, ಮೂಲೆಯ ಆ ಪ್ಯಾದೆ.

"ಇರ್ಲಿ. ಇಷ್ಟ ಸಾಕು" ಎಂದು ಡಾಕ್ಟರ್ ಆನೆಯನ್ನು ಎತ್ತಿ ಮಂತ್ರಿಯ ನೇರಕ್ಕೆ ಇಟ್ಟರು. "ಹಿಂಗ ಇಟ್ಟ. ಗಡಿಯಾರ ಒತ್ತಿದ. ಸುಮ್ಮನ ಕುಂತ."

"ಬಾಯಾಗ ಲವಂಗ ಇತ್ತಲ್ರಿ."

"ಹೂಂ, ವಾಸನಿ ಬರ್ತಿತ್ತು. ನಾ ಅಂದ್ಕೊಂಡೆ, ಪರವಾಗಿಲ್ಲ, ಮಗಾ ಈ ಸಲ ಬಾಯಿ ಕಟ್ಟಿಕೊಂಡು ಬಂದಾನ ಅಂತ. ಲಗೂನ ನಡಸಿದ್ರ ಅವಗ ಸಂಶಯ ಬರ್ತೈತಿ ಅಂತ ಭಾಳ ಹೊತ್ತು ವಿಚಾರ ಮಾಡಿದಂಗ ನಾಟಕಾ ಮಾಡ್ದೆ."

ಅಷ್ಟು ಹೊತ್ತು ಡಾಕ್ಟರ್ ಮೂಲೆ ನೋಡುತ್ತ ಕೂತಿದ್ದು ನನಗೂ ನೆನಪಿತ್ತು. ಕುದುರೆಯ ಬಗ್ಗೆ, ಒಂಟೆಯ ಬಗ್ಗೆ, ಫ್ಯಾನಿನ ಬಗ್ಗೆ ನನಗೆ ಖಾತ್ರಿಯಿಲ್ಲ. ಆದರೆ ಆ ಬಿಡುವಿನ ಬಗ್ಗೆ ಇಬ್ಬರು ಸಾಕ್ಷಿಗಳದೂ ಒಂದೇ ಮಾತು.

"ಅಷ್ಟ ಹೊತ್ತೂ ಸರ್ ಏನೂ ಅನ್ನಲಿಲ್ಲೇನ್ರಿ?"

"ಎಲ್ಲಿದು? ನನ್ನ ಮಾರಿನ ನೋಡ್ಕೋತ ಕುಂತಿದ್ದ. ನಾ ಕೈ ಎತ್ತಿ ಹಿಂಗ ಪ್ಯಾದಿ ಮ್ಯಾಲೆ..."

ಡಾಕ್ಟರರ ಕೈ ಪ್ಯಾದೆಯ ಮೇಲೆ ಗಾಳಿಯಲ್ಲಿ ನಿಂತಿತು.

"ಅತ್ತಿ ಇಡೂ ಮುಂದ ಹೇಳ್ರಿ ಅಂತಿದ್ಲು" ಎಂದರು ನಿಧಾನವಾಗಿ. "ಇಟ್ಟ ಮ್ಯಾಲೆ ಅಲ್ಲ."

ಚಟವಾಗಿದ್ದರೆ ಆನೆ ಇಡುವಾಗಲೇ ಬಾಯಿ ಬಿಡಬೇಕಿತ್ತು. ಆಗ ಬಿಡಲಿಲ್ಲ. ಅತ್ತೆಯ ಮಾತನ್ನೂ ಮೀರಿ, ಲವಂಗ ಕಚ್ಚಿಕೊಂಡು, ಗೆಲ್ಲಲೆಂದೇ ಸುಮ್ಮನೆ ಕೂತಿದ್ದರು. ಆ ಕೈ ತಪ್ಪು ಪ್ಯಾದೆಯ ಮೇಲೆ ಬಂದದ್ದನ್ನು ನೋಡಿದ ಮೇಲೆ ಬಾಯಿ ಬಿಟ್ಟರು.

"ನಾ ಬೇಕಂತ ಬಿಟ್ಟದ್ದು ಗೊತ್ತಾಗಿತ್ತ ಅವಗ" ಎಂದರು ಡಾಕ್ಟರ್. ಮತ್ತೆ ಒಮ್ಮೆಲೇ ಮೇಜು ಗುದ್ದಿ, ಖಾಲಿ ಕುರ್ಚಿಯ ಕಡೆ ತಿರುಗಿ, "ಕೊಟ್ಟದ್ದ ತಗೊಳ್ಳಾಕ ಏನ್ ಧಾಡಿ ಆಗಿತ್ತಲೇ ನಿನಗ!" ಎಂದು ಒದರಿದರು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಪ್ರಿನ್ಸಿಪಾಲರು ಒಳಗೆ ಇಣುಕಿ, ದುಃಖದಲ್ಲಿದ್ದಾರೆ ಎಂದುಕೊಂಡು ಹೋದರು.

ಆ ಹೊತ್ತಿಗೆ ನನಗೆ ಬಸ್ಸಿನ ಇನ್ನೊಂದು ಮಾತು ನೆನಪಾಯಿತು. 'ಕೈ ಬಂದಿತ್ತು' ಎಂದ ಮೇಲೆ ಸರ್ ಕಿಟಕಿಯ ಕಡೆ ತಿರುಗಿ, "ಅಂವಾ ಹಂಗ ಮಂತ್ರಿನ್ನ ಮರಿಯೂ ಪೈಕಿ ಅಲ್ಲ" ಎಂದಿದ್ದರು. ಅಂದಿದ್ದರೇ? ಇಷ್ಟು ವರ್ಷ ಈ ಕಥೆ ಹೇಳುವಾಗ ಒಮ್ಮೆಯೂ ಬಾಯಿಗೆ ಬಾರದ ಮಾತು, ಡಾಕ್ಟರ್ ಬಾಯಿ ಬಿಟ್ಟ ದಿನವೇ ಯಾಕೆ ಬರಬೇಕು? ನನ್ನ ವಿದ್ಯಾರ್ಥಿ ಇಂಥ ಸಾಕ್ಷ್ಯ ತಂದಿದ್ದರೆ ಹೊರಗೆ ಕಳಿಸುತ್ತಿದ್ದೆ. ಡಾಕ್ಟರಿಗೆ ಅದನ್ನು ಹೇಳಲಿಲ್ಲ.

ಈಗ ನನ್ನ ಪಾಡು ನೋಡಿ. ಇಷ್ಟು ವರ್ಷ ಎಲ್ಲರನ್ನೂ ನಗಿಸಿದ ಕಥೆ ಸುಳ್ಳು. ನಿಜ ಹೇಳಿದರೆ ಯಾರೂ ನಗುವುದಿಲ್ಲ. ಆ ಮನುಷ್ಯ ಎದುರಿಗೇ ಕೂತು ನನ್ನ ಸುಳ್ಳಿಗೆ ನಗುತ್ತಿದ್ದರಲ್ಲ, ಒಂದು ಮಾತು ತಿದ್ದಿದ್ದರೆ ಏನಾಗುತ್ತಿತ್ತು? ಹುಡುಗರು ಬ್ಯುರೆಟ್ ತಪ್ಪಾಗಿ ಓದಿದರೆ ಕಾಲೇಜು ಮೇಲೆ ಕೆಳಗೆ ಮಾಡುತ್ತಿದ್ದವರು!

ಡಾಕ್ಟರ್ ಮೂರು ಕಾಯಿಗಳನ್ನೂ ತೆಗೆದು, ಎಲ್ಲ ಕಾಯಿಗಳನ್ನು ಮೊದಲಿನ ಸಾಲಿಗೆ ಜೋಡಿಸತೊಡಗಿದರು. ಎದ್ದು ಹೋಗಲೆಂದು ಜೋಡಿಸುತ್ತಿದ್ದಾರೆ ಎಂದುಕೊಂಡೆ. ಅವರು ಬಿಳಿ ಕಾಯಿಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನನ್ನ ಕಾಯಿಗಳಲ್ಲಿ ವಾರೆಯಾಗಿದ್ದ ಒಂದು ಒಂಟೆಯನ್ನು ನೆಟ್ಟಗೆ ಮಾಡಿದರು. ಗಲ್ಲಕ್ಕೆ ಕೈ ಹಚ್ಚಿದರು. ಆಮೇಲೆ ಆ ಪುಸ್ತಕದ ಆಟಗಾರ, ಎಡಗಡೆಯ ಆನೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟರು. ಕೈ ಹಿಂದಕ್ಕೆ ಬರಲಿಲ್ಲ. ಇನ್ನೊಂದು ತುದಿಗೆ ಹೋಗಿ ಅಲ್ಲಿಯ ಪ್ಯಾದೆಯನ್ನೂ ಒಂದು ಮನೆ ಮುಂದಿಟ್ಟಿತು.

"ಏನ್ ನೋಡ್ತೀರಿ?" ಎಂದರು, ಸಿಟ್ಟು ಇನ್ನೂ ಇಳಿದಿರಲಿಲ್ಲ. "ನೀವೂ ಎರಡ ನಡಸ್ರಿ."